ಒಂಬತ್ತರ ಮಗ್ಗಿಯಲ್ಲಿ ಕನ್ನಡದ ರೇಡಿಯೋ

ಬೆಂಗಳೂರು 612, ಧಾರವಾಡ 765, ಭದ್ರಾವತಿ 675, ಮಂಗಳೂರು 1089, ಕಲಬುರಗಿ 1107. ಆಕಾಶವಾಣಿ ಕೇಳುತ್ತ ಬೆಳೆದ ಕನ್ನಡಿಗರಿಗೆ ಇವುಗಳಲ್ಲಿ ಒಂದಾದರೂ ಬಾಯಿಪಾಠವಾಗಿರುತ್ತದೆ. ಮಧ್ಯಮ ತರಂಗದ ಈ ಕಿಲೋಹರ್ಟ್ಜ್‌ಗಳನ್ನು ಒಂಬತ್ತರಿಂದ ಭಾಗಿಸಿ ನೋಡಿ, ಒಂದರಲ್ಲೂ ಶೇಷ ಉಳಿಯುವುದಿಲ್ಲ. ದೆಹಲಿಯ 819 ಕೂಡ ಇದೇ ಮಗ್ಗಿಯದು. ಟೋಕಿಯೋದ 594, ಬ್ರಿಟನ್ನಿನ 909 ಕೂಡ ಹಾಗೆಯೇ. ಇದನ್ನು ಬೆಂಗಳೂರಿನಲ್ಲಿ ಕೂತ ಎಂಜಿನಿಯರಾಗಲಿ ದೆಹಲಿಯ ಮಂತ್ರಿಯಾಗಲಿ ಒಬ್ಬರೇ ತೀರ್ಮಾನಿಸಿದ್ದಲ್ಲ. 1975ರ ನವೆಂಬರ್ 22ರಂದು ಜಿನೀವಾದಲ್ಲಿ ಯುರೋಪು, ಆಫ್ರಿಕಾ, ಏಷ್ಯಾದ ದೇಶಗಳು ಸಹಿ ಹಾಕಿದ ಒಂದು ಒಪ್ಪಂದ ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯ ಮನೆಯೊಂದರ ರೇಡಿಯೋ ಮುಳ್ಳು ಎಲ್ಲಿ ನಿಲ್ಲಬೇಕೆಂಬುದನ್ನು ಗೊತ್ತುಮಾಡಿತು.

ಸಂತೆಬಾಚಹಳ್ಳಿಯಿಂದ ಬೆಂಗಳೂರು ನೂರು ಕಿಲೋಮೀಟರಿಗೂ ಹೆಚ್ಚು ದೂರ. ಅಷ್ಟು ದೂರದ ಸ್ಟೇಷನ್ನು ಬೆಳಿಗ್ಗೆ ವಾರ್ತೆಗೂ ಸಂಜೆ ಕೃಷಿರಂಗಕ್ಕೂ ಗೊರಗೊರ ಇಲ್ಲದೆ ಹಿಡಿಯಬೇಕಾದರೆ ಅದೇ ಜಾಗದಲ್ಲಿ ಬೇರೊಂದು ದೇಶದ ಸ್ಟೇಷನ್ನು ಕೂಗಾಡಬಾರದು. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದ ಹಳ್ಳಿಗಳ ಪಾಡೂ ಇದೇ. ಪಟ್ಟಣದವರಿಗೆ ಸ್ಟೇಷನ್ನು ಹತ್ತಿರ, ಸದ್ದು ಜೋರು, ಪಕ್ಕದ ಗಲಾಟೆ ಅದರಡಿ ಮುಚ್ಚಿಹೋಗುತ್ತದೆ. ದೂರದ ಹಳ್ಳಿಗೆ ಬರುವುದು ಸೋತು ಸುಣ್ಣವಾದ ಅಲೆ. ಆದ್ದರಿಂದ ಆಕಾಶದ ಹಂಚಿಕೆ ಕೆಟ್ಟರೆ ಮೊದಲು ನಷ್ಟವಾಗುವುದು ಹಳ್ಳಿಗೆ. ಈ ಇತಿಹಾಸವನ್ನು ರಾಜಧಾನಿಗಳ ಕಡೆಯಿಂದ ನೋಡದೆ ನಮ್ಮ ಸೀಮೆಯ ಕಡೆಯಿಂದ ನೋಡಬೇಕೆಂದು ನನಗೆ ಅನ್ನಿಸುವುದು ಇದಕ್ಕೇ.

ದೇಶದೇಶಗಳ ನಡುವಿನ ಈ ಮಾತುಕತೆ ಶುರುವಾದದ್ದು ತಂತಿಯ ಕಾಲದಲ್ಲಿ. ಆಗ ಯುರೋಪಿನಲ್ಲಿ ಒಂದು ತಂತಿ ಸಂದೇಶ ಗಡಿ ದಾಟಬೇಕಾದರೆ ಗಡಿಯ ಕಚೇರಿಯಲ್ಲಿ ಅದನ್ನು ಕಾಗದದ ಮೇಲೆ ಬರೆದುಕೊಂಡು, ಆಚೆ ಬದಿಯವರ ಕೈಗೆ ಕೊಟ್ಟು, ಮತ್ತೆ ಕುಟ್ಟಿಸಬೇಕಿತ್ತು. ಈ ಗೋಳು ತಪ್ಪಿಸಲು 1865ರ ಮೇ 17ರಂದು ಪ್ಯಾರಿಸ್‌ನಲ್ಲಿ 20 ದೇಶಗಳು ಸೇರಿ ಅಂತರರಾಷ್ಟ್ರೀಯ ತಂತಿ ಒಕ್ಕೂಟ ಕಟ್ಟಿದವು. ಮುಂದೆ ರೇಡಿಯೋ, ದೂರವಾಣಿಗಳನ್ನೂ ನೋಡಿಕೊಂಡದ್ದು ಇದೇ ಒಕ್ಕೂಟ. ಬ್ರಿಟಿಷ್ ಇಂಡಿಯಾ 1869ರಲ್ಲೇ ಅದರ ಸದಸ್ಯನಾಯಿತು. ಆಗ ಮೈಸೂರು ಸೀಮೆ ಕಮಿಷನರುಗಳ ಆಡಳಿತದಲ್ಲಿತ್ತು, ಅರಸರಿಗೆ ರಾಜ್ಯ ಹಿಂದಿರುಗಲು ಇನ್ನೂ ಹನ್ನೆರಡು ವರ್ಷವಿತ್ತು.

ತಂತಿಗೆ ಗಡಿಯಾದರೂ ಇತ್ತು. ತಂತಿಯಿಲ್ಲದ ಸಂದೇಶಕ್ಕೆ ಅದೂ ಇಲ್ಲ. ಮಾರ್ಕೋನಿ ಕಂಪನಿ ತನ್ನ ಯಂತ್ರವಿಲ್ಲದ ಹಡಗುಗಳ ಸಂದೇಶಕ್ಕೆ ಉತ್ತರ ಕೊಡಬಾರದೆಂದು ತನ್ನ ಆಪರೇಟರುಗಳಿಗೆ ಕಟ್ಟುಪಾಡು ಹಾಕಿತ್ತು. ನಡುಗಡಲಲ್ಲಿ ಮುಳುಗುತ್ತಿರುವವನ ಕೂಗು ಯಾವ ಕಂಪನಿಯ ಯಂತ್ರದಿಂದ ಬಂತೆಂದು ನೋಡಿ ಕಿವಿಗೊಡುವ ವ್ಯವಸ್ಥೆ ಅದು. 1906ರಲ್ಲಿ ಬರ್ಲಿನ್‌ನಲ್ಲಿ ಕೂಡಿದ ಸಮ್ಮೇಳನ ಹಡಗು ಮತ್ತು ಕರಾವಳಿಯ ನಿಲಯಗಳು ಯಂತ್ರದ ಭೇದವೆಣಿಸದೆ ಉತ್ತರಿಸಬೇಕೆಂದು ನಿಯಮ ಮಾಡಿತು, ಆಪತ್ತಿಗೆ ಎಸ್‌.ಒ.ಎಸ್‌. ಎಂಬ ಸಂಕೇತ ಕೊಟ್ಟಿತು. ನನ್ನ ಮಟ್ಟಿಗೆ ಈ ಒಕ್ಕೂಟದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಮಾನವೀಯ ತೀರ್ಮಾನ ಇನ್ನೊಂದಿಲ್ಲ.

ನಿಜವಾದ ಹಂಚಿಕೆ ಆದದ್ದು 1927ರ ವಾಷಿಂಗ್ಟನ್ ಸಮ್ಮೇಳನದಲ್ಲಿ. ರೇಡಿಯೋ ಪ್ರಸಾರ ಆಗ ಎಳೆಗೂಸು. ಭಾರತದಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಅದೇ ವರ್ಷ ಮುಂಬೈ, ಕಲ್ಕತ್ತಗಳಲ್ಲಿ ನಿಲಯ ತೆರೆದಿತ್ತು. ಹಡಗಿಗೆ ಯಾವ ಪಟ್ಟಿ, ಪ್ರಸಾರಕ್ಕೆ ಯಾವ ಪಟ್ಟಿ, ಹವ್ಯಾಸಿಗಳಿಗೆ ಯಾವುದು ಎಂಬ ಮೊದಲ ದೊಡ್ಡ ಕೋಷ್ಟಕ ವಾಷಿಂಗ್ಟನ್‌ನಲ್ಲಿ ತಯಾರಾಯಿತು. ದೇಶಗಳಿಗೆ ಕರೆಸಂಕೇತದ ಅಕ್ಷರಗಳೂ ಹಂಚಿಕೆಯಾದವು. ಬ್ರಿಟಿಷ್ ಇಂಡಿಯಾಕ್ಕೆ ಬಂದದ್ದು ವಿ.ಟಿ.ಯಿಂದ ವಿ.ಡಬ್ಲ್ಯು.ವರೆಗಿನ ಸಾಲು. ಆಕಾಶವಾಣಿಯ ಮದ್ರಾಸ್ ನಿಲಯ ವಿ.ಯು.ಎಂ. ಆದದ್ದು ಹಾಗೆ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ನಿಂತ ಭಾರತದ ವಿಮಾನಗಳ ಮೈಮೇಲೆ ಇಂದಿಗೂ ವಿ.ಟಿ. ಎಂದು ಬರೆದಿರುವುದೂ ಹಾಗೆಯೇ. ಬೆಂಗಳೂರಿನ ಹ್ಯಾಮ್‌ಗಳು ತಮ್ಮ ಕರೆಯನ್ನು ವಿ.ಯು. ಎಂದು ಆರಂಭಿಸುವುದಕ್ಕೂ ಆ ಸಮ್ಮೇಳನವೇ ಮೂಲ.

ಎಂಟು ವರ್ಷದ ಬಳಿಕ, 1935ರ ಸೆಪ್ಟೆಂಬರ್ 10ರಂದು, ಮೈಸೂರಿನ 'ವಿಠ್ಠಲ ವಿಹಾರ' ಎಂಬ ಮನೆಯಿಂದ ಕನ್ನಡದ ದನಿಯೊಂದು ಗಾಳಿಗೇರಿತು. ಮನೆಯ ಯಜಮಾನರು ಎಂ.ವಿ. ಗೋಪಾಲಸ್ವಾಮಿ, ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರು. ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್. ಆ ನಿಲಯದ ಹೆಸರು ಆಕಾಶವಾಣಿ. ಸರ್ಕಾರದ ಇಲಾಖೆಯಿಲ್ಲದೆ, ದೊಡ್ಡ ಕಂಪನಿಯಿಲ್ಲದೆ, ಒಬ್ಬ ಮೇಷ್ಟ್ರು ತಮ್ಮ ಮನೆಯಲ್ಲಿ ಹಚ್ಚಿದ ದೀಪ ಅದು. ಮುಂದೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು, ನಾ. ಕಸ್ತೂರಿಯವರಂಥವರು ಅಲ್ಲಿ ದುಡಿದರು. ಆ ಹೆಸರನ್ನೇ ಭಾರತ ಸರ್ಕಾರ ಇಡೀ ದೇಶದ ರೇಡಿಯೋಗೆ ಇಟ್ಟುಕೊಂಡದ್ದು ಎಲ್ಲರಿಗೂ ಗೊತ್ತು.

ಒಂದು ಸಂಗತಿಯನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಮೈಸೂರಿಗೆ ಸ್ವಂತ ಬಾನುಲಿ ಇತ್ತು, ಆದರೆ ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿ ಸಂಸ್ಥಾನಕ್ಕೆ ಕುರ್ಚಿ ಇರಲಿಲ್ಲ. ಅಲ್ಲಿ ಮಾತಾಡುತ್ತಿದ್ದುದು ದೆಹಲಿಯ ಬ್ರಿಟಿಷ್ ಸರ್ಕಾರ. ಅದು ನಡೆಸುತ್ತಿದ್ದ ನಿಲಯಗಳ ಪಟ್ಟಿಯಲ್ಲಿ ಕನ್ನಡನಾಡಿನದು ಒಂದೂ ಇರಲಿಲ್ಲ. ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಉಳಿದ ಆಲ್ ಇಂಡಿಯಾ ರೇಡಿಯೋ ನಿಲಯಗಳು ಆರು: ದೆಹಲಿ, ಮುಂಬೈ, ಕಲ್ಕತ್ತ, ಮದ್ರಾಸ್, ತಿರುಚಿರಾಪಳ್ಳಿ, ಲಖನೌ. ಕನ್ನಡಕ್ಕೆ ಗಟ್ಟಿಯಾಗಿ ನಿಂತದ್ದು ಮೈಸೂರಿನ ಆ ಪುಟ್ಟ ನಿಲಯ.

ಸ್ವಾತಂತ್ರ್ಯದ ಗಳಿಗೆಯಲ್ಲೇ ಆಕಾಶದ ಹೊಸ ಹಂಚಿಕೆಯೂ ನಡೆಯುತ್ತಿತ್ತೆಂಬುದು ಸೋಜಿಗ. ಎರಡನೆಯ ಮಹಾಯುದ್ಧ ಮುಗಿದು ರೇಡಿಯೋ ವ್ಯವಸ್ಥೆ ಚೆಲ್ಲಾಪಿಲ್ಲಿಯಾಗಿತ್ತು. 1947ರ ಮೇ ತಿಂಗಳಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಸಮ್ಮೇಳನ ಶುರುವಾದಾಗ ಭಾರತ ಪರಾಧೀನ. ಆಗಸ್ಟ್ 15 ಬಂದಾಗ ಸಮ್ಮೇಳನ ಇನ್ನೂ ನಡೆಯುತ್ತಿತ್ತು. ಒಪ್ಪಂದಕ್ಕೆ ಸಹಿ ಬಿದ್ದದ್ದು ಅಕ್ಟೋಬರ್ 2ರಂದು, ಗಾಂಧೀಜಿ ಜೀವಂತವಾಗಿದ್ದಾಗಿನ ಕೊನೆಯ ಜನ್ಮದಿನ ಅದು. ಅಲ್ಲಿ ಜಗತ್ತನ್ನು ರೇಡಿಯೋಗಾಗಿ ಮೂರು ವಲಯ ಮಾಡಿದರು. ಯುರೋಪು, ಆಫ್ರಿಕಾ ಒಂದನೆಯದು, ಅಮೆರಿಕ ಖಂಡಗಳು ಎರಡನೆಯದು, ಭಾರತವಿರುವ ಏಷ್ಯಾ ಮತ್ತು ಆಸ್ಟ್ರೇಲಿಯಾ ಮೂರನೆಯದು. ಯಾವ ದೇಶ ಯಾವ ಕಂಪನಾಂಕ ಬಳಸುತ್ತಿದೆ ಎಂದು ದಾಖಲಿಸಲು ಒಂದು ಮಂಡಳಿಯನ್ನೂ ನೇಮಿಸಿದರು. ಒಕ್ಕೂಟ ವಿಶ್ವಸಂಸ್ಥೆಯ ಅಂಗಸಂಸ್ಥೆಯಾಗಿ ಜಿನೀವಾಕ್ಕೆ ಬಂತು.

ಇತ್ತ ನಮ್ಮಲ್ಲಿ 1950ರ ಜನವರಿ 8ರಂದು ಧಾರವಾಡ ನಿಲಯ ಆರಂಭವಾಯಿತು. ಏಪ್ರಿಲ್‌ನಲ್ಲಿ ಮೈಸೂರಿನ ನಿಲಯ ಕೇಂದ್ರದ ಕೈಗೆ ಹೋಯಿತು. 1955ರ ನವೆಂಬರ್ 2ರಂದು, ಏಕೀಕರಣಕ್ಕೆ ಒಂದು ವರ್ಷ ಮುಂಚೆ, ಬೆಂಗಳೂರು ನಿಲಯ ಬಂತು. ಆ ಹೊತ್ತಿಗೆ ದೆಹಲಿಯಲ್ಲಿ ಕಂಪನಾಂಕಗಳ ಲೆಕ್ಕ ನೋಡಿಕೊಳ್ಳುವ ನಿಸ್ತಂತು ಯೋಜನಾ ವಿಭಾಗವೂ ಹುಟ್ಟಿತ್ತು. ಟ್ರಾನ್ಸ್‌ಮಿಟರುಗಳನ್ನು ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯೇ ಮಾಡತೊಡಗಿತು. ಹಳ್ಳಿಗಳಲ್ಲಿ ಪಂಚಾಯ್ತಿ ರೇಡಿಯೋ ಬಂತು, ಆಮೇಲೆ ಟ್ರಾನ್ಸಿಸ್ಟರ್ ಬಂದು ಹೊಲದ ಬದುವಿಗೂ ಹೋಯಿತು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಿ ವರ್ಷವರ್ಷ ಹಣ ಕಟ್ಟುತ್ತಿದ್ದ ಕಾಲ ಅದು. ಕೇಳುಗನೂ ಆಕಾಶದ ಕಾನೂನಿನೊಳಗೇ ಇದ್ದ.

ಹಗಲು ಎಲ್ಲವೂ ಸರಿ. ತೊಂದರೆ ಇದ್ದದ್ದು ರಾತ್ರಿ. ಮಧ್ಯಮ ತರಂಗದ ಅಲೆಗಳು ಹಗಲಲ್ಲಿ ನೆಲ ಹಿಡಿದು ಸಾಗುತ್ತವೆ, ಆಕಾಶಕ್ಕೆ ಹೋದವನ್ನು ವಾಯುಮಂಡಲದ ಮೇಲಿನ ಒಂದು ಪದರ ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆಗಳು ಇನ್ನೂ ಎತ್ತರದ ಪದರಕ್ಕೆ ತಾಗಿ ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ರಾತ್ರಿ ರೇಡಿಯೋದಲ್ಲಿ ಬೆಂಗಳೂರು ನಿಲಯದ ಅಕ್ಕಪಕ್ಕದಲ್ಲಿ ಗೊತ್ತಿಲ್ಲದ ಭಾಷೆಗಳು ಕೇಳುತ್ತಿದ್ದುದು ಇದರಿಂದ. ಮಾತು ಮಾತಿನ ಮೇಲೆ ಬಿದ್ದರೆ ಹೇಗಾದರೂ ಸಹಿಸಬಹುದು. ಸಹಿಸಲಾಗದ್ದು ಸಿಳ್ಳೆ. ಉದಾಹರಣೆಗೆ ಒಂದು ನಿಲಯ 610ರಲ್ಲಿ, ದೂರದ ಇನ್ನೊಂದು 611ರಲ್ಲಿ ಇದ್ದರೆ ಎರಡರ ವ್ಯತ್ಯಾಸವಾದ ಒಂದು ಕಿಲೋಹರ್ಟ್ಜ್ ಕೇಳುಗನ ಸ್ಪೀಕರಿನಲ್ಲಿ ತೀಕ್ಷ್ಣ ಸಿಳ್ಳೆಯಾಗಿ ಕೂಗುತ್ತದೆ. ಶ್ರುತಿ ಸ್ವಲ್ಪವೇ ತಪ್ಪಿದ ಎರಡು ತಂಬೂರಿ ಮೀಟಿದಾಗ ಹುಟ್ಟುವ ಅಲೆಯಾಟದ ಹಿಂದಿರುವುದೂ ಇದೇ ಭೌತಶಾಸ್ತ್ರ.

ಆಗಿನ ಸ್ಥಿತಿ ಹೀಗಿತ್ತು: ಯುರೋಪಿನವರು ನಿಲಯಗಳ ನಡುವೆ ಹೆಚ್ಚಾಗಿ 9 ಕಿಲೋಹರ್ಟ್ಜ್ ಅಂತರ ಇಟ್ಟುಕೊಂಡಿದ್ದರು, ಆದರೆ ಎಲ್ಲವೂ ಒಂಬತ್ತರ ಮಗ್ಗಿಗೆ ಕೂರುತ್ತಿರಲಿಲ್ಲ. ನಮ್ಮ ಕಡೆ, ಏಷ್ಯಾದಲ್ಲಿ, ಹತ್ತರ ಲೆಕ್ಕ. ಎರಡು ಲೆಕ್ಕ ರಾತ್ರಿ ಆಕಾಶದಲ್ಲಿ ಸಂಧಿಸಿದರೆ ಸಿಳ್ಳೆ ಏಳದೆ ಇರುತ್ತದೆಯೆ? ಅದರ ಮೇಲೆ ಶಕ್ತಿಯ ಪೈಪೋಟಿ. ನೆರೆಯವನ ಸದ್ದು ಮುಚ್ಚಲು ಪ್ರತಿಯೊಬ್ಬರೂ ತಮ್ಮ ಟ್ರಾನ್ಸ್‌ಮಿಟರಿನ ಶಕ್ತಿ ಏರಿಸುತ್ತ ಹೋದರು. ಭಾರತ ಇದರಲ್ಲಿ ಬರೀ ನೊಂದವರ ಸಾಲಿನಲ್ಲಿರಲಿಲ್ಲ. ಹೊರದೇಶದ ಪ್ರಸಾರಕ್ಕಾಗಿ ನಾವೂ 1969ರಲ್ಲಿ ಕಲ್ಕತ್ತ ಬಳಿಯ ಮೊಗ್ರಾದಲ್ಲಿ, 1971ರಲ್ಲಿ ರಾಜ್‌ಕೋಟ್‌ನಲ್ಲಿ 1000 ಕಿಲೋವ್ಯಾಟ್‌ನ ನಿಲಯಗಳನ್ನು ನಿಲ್ಲಿಸಿದೆವು.

ಈ ಗೊಂದಲ ಬಿಡಿಸಲು 1974ರಲ್ಲಿ ಒಂದು, 1975ರ ಅಕ್ಟೋಬರ್–ನವೆಂಬರ್‌ನಲ್ಲಿ ಇನ್ನೊಂದು ಅಧಿವೇಶನ ಜಿನೀವಾದಲ್ಲಿ ಸೇರಿತು. ಒಂದನೆಯ ಮತ್ತು ಮೂರನೆಯ ವಲಯದ ದೇಶಗಳೆಲ್ಲ ಕೂತು ಪ್ರತಿ ನಿಲಯದ ಜಾಗ, ಶಕ್ತಿ, ಕಂಪನಾಂಕವನ್ನು ಒಂದೇ ಪಟ್ಟಿಗೆ ತರಬೇಕಿತ್ತು. ಅಂತರ ಎಂಟೇ ಸಾಕು, ಹೆಚ್ಚು ನಿಲಯ ಹಿಡಿಸುತ್ತವೆ ಎಂಬ ವಾದವೂ ಇತ್ತು. ಆದರೆ ಅಂತರ ಕಿರಿದಾದಷ್ಟೂ ಸಂಗೀತದ ಮೇಲಿನ ಸ್ವರಗಳು ಕತ್ತರಿಸಿಹೋಗುತ್ತವೆ. ಕೊನೆಗೆ ನಿಂತದ್ದು ಒಂಬತ್ತು. ಎಷ್ಟು ಅಂತರ ಎಂಬುದಕ್ಕಿಂತ ಮುಖ್ಯವಾದ ನಿರ್ಧಾರ ಇನ್ನೊಂದಿತ್ತು: ಪ್ರತಿ ನಿಲಯವೂ ಒಂಬತ್ತರ ಗುಣಕದ ಮೇಲೇ ಕೂರಬೇಕು. 531ರಿಂದ 1602ರವರೆಗೆ 120 ಮೆಟ್ಟಿಲು. ಎರಡು ನಿಲಯಗಳು ಒಂದೇ ಮೆಟ್ಟಿಲಲ್ಲಿದ್ದರೆ ವ್ಯತ್ಯಾಸ ಸೊನ್ನೆಯ ಹತ್ತಿರ, ಸಿಳ್ಳೆಯಿಲ್ಲ. ಪಕ್ಕದ ಮೆಟ್ಟಿಲಲ್ಲಿದ್ದರೆ ಸಿಳ್ಳೆ 9 ಕಿಲೋಹರ್ಟ್ಜ್‌ನಷ್ಟು ಮೇಲಿನದು, ಸಾಮಾನ್ಯ ಟ್ರಾನ್ಸಿಸ್ಟರ್ ಅದನ್ನು ನುಡಿಸುವುದೇ ಇಲ್ಲ. ಲಂಡನ್, ಕೈರೋ, ಬೆಂಗಳೂರು, ಟೋಕಿಯೋ ಎಲ್ಲವನ್ನೂ ಒಂದೇ ಶ್ರುತಿಗೆ ಕೂರಿಸಿದ್ದು ಈ ಒಂದು ಸರಳ ಲೆಕ್ಕ. ಶೀತಲಸಮರದ ನಡುವೆ, ಒಬ್ಬರನ್ನೊಬ್ಬರು ನಂಬದ ದೇಶಗಳು ಇದಕ್ಕೆ ಒಪ್ಪಿದವೆಂಬುದನ್ನು ನೆನೆದರೆ ನನಗೆ ಈಗಲೂ ಗೌರವ ಮೂಡುತ್ತದೆ.

ಒಪ್ಪಂದ ಜಾರಿಗೆ ಬಂದದ್ದು 1978ರ ನವೆಂಬರ್ 23ರ ಗ್ರೀನಿಚ್ ಸಮಯ ಮಧ್ಯರಾತ್ರಿ ಹನ್ನೆರಡು ಗಂಟೆ ಒಂದು ನಿಮಿಷಕ್ಕೆ. ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ 5.31. ಆಕಾಶವಾಣಿಯ ದಿನದ ಮೊದಲ ಪ್ರಸಾರ ಶುರುವಾಗುವ ಮುಂಚಿನ ಹೊತ್ತು. ಕರ್ನಾಟಕ ಆ ತಿಂಗಳೆಲ್ಲ ಬೇರೊಂದು ಮಾತಿನಲ್ಲಿ ಮುಳುಗಿತ್ತು, ತಿಂಗಳ ಆರಂಭದಲ್ಲಷ್ಟೇ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಗೆದ್ದಿದ್ದರು. ಮುಳ್ಳು ಕೂದಲೆಳೆಯಷ್ಟು ಸರಿದದ್ದನ್ನು ಗಮನಿಸಿದವರು ಕಡಿಮೆಯೇ ಇರಬೇಕು. ಹತ್ತಿರದ ಒಂಬತ್ತರ ಗುಣಕಕ್ಕೆ ಹೋಗಲು ಯಾವ ನಿಲಯವೂ ಐದು ಕಿಲೋಹರ್ಟ್ಜ್‌ಗಿಂತ ಹೆಚ್ಚು ಸರಿಯಬೇಕಿರಲಿಲ್ಲ. 612 ಎಂಬ ಅಂಕಿ ಅಂದಿನಿಂದ ಬೆಂಗಳೂರಿನದು, 765 ಧಾರವಾಡದ್ದು. ಎರಡು ವರ್ಷದ ಹಿಂದಷ್ಟೇ ಹುಟ್ಟಿದ್ದ ಮಂಗಳೂರು ನಿಲಯದ 1089 ಗಡಿಯಾಚೆ ಕಾಸರಗೋಡಿನ ಕನ್ನಡ ಮನೆಗಳಲ್ಲೂ ಪರಿಚಿತವಾಯಿತು.

ಅಮೆರಿಕ ಖಂಡಗಳು ಈ ಒಪ್ಪಂದಕ್ಕೆ ಸೇರಿರಲಿಲ್ಲ. ಅಲ್ಲಿ ಇಂದಿಗೂ ಹತ್ತರ ಲೆಕ್ಕ. ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ಅಪ್ಪನಿಗೆಂದು ತಂದುಕೊಟ್ಟ ಡಿಜಿಟಲ್ ರೇಡಿಯೋ 610ರಿಂದ ನೇರ 620ಕ್ಕೆ ಜಿಗಿಯುತ್ತಿದ್ದುದು ಇದಕ್ಕೆ. ಕೆಲವು ರೇಡಿಯೋಗಳ ಹಿಂಬದಿಯಲ್ಲಿ 9 ಮತ್ತು 10 ಎಂದು ಬರೆದ ಸಣ್ಣ ಸ್ವಿಚ್ಚು ಇರುತ್ತದೆ. ಅದನ್ನು ಒಂಬತ್ತಕ್ಕೆ ಸರಿಸಿದರೆ ಬೆಂಗಳೂರು ಸಿಗುತ್ತದೆ.

ದೂರವಾಣಿಯ ಅಂಕಿಗಳದ್ದೂ ಇಂಥದೇ ಕಥೆ, ಚಿಕ್ಕದಾಗಿ ಹೇಳುತ್ತೇನೆ. 1960ರ ದಶಕದಲ್ಲಿ ಇದೇ ಒಕ್ಕೂಟದ ಸಮಿತಿ ಜಗತ್ತನ್ನು ಸಂಖ್ಯಾವಲಯಗಳಾಗಿ ವಿಂಗಡಿಸಿದಾಗ ಭಾರತಕ್ಕೆ 91 ಬಂತು. ಅಂತರರಾಷ್ಟ್ರೀಯ ಸಂಖ್ಯೆ 12 ಅಂಕಿ ಮೀರಬಾರದೆಂದು ನಿಯಮವಿತ್ತು. ದೇಶಕ್ಕೆ ಎರಡು, ಕೃಷ್ಣರಾಜಪೇಟೆಗೆ 8230 ಎಂಬ ನಾಲ್ಕು, ಮನೆಗೆ ಆರು, ಸೇರಿದರೆ ಸರಿಯಾಗಿ ಹನ್ನೆರಡು. ಹಳ್ಳಿಗೆ ಫೋನು ತಲುಪಿಸಿದ, ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೂತದ್ದು ನಮ್ಮ ಕಿತ್ತೂರಿನಲ್ಲಿ. ಹವಾನಿಯಂತ್ರಣ ಬೇಡದ ಆ ಪೆಟ್ಟಿಗೆ ಪೂರ್ತಿ ನಮ್ಮವರ ಕೆಲಸ. ಆದರೆ ಹೊರಜಗತ್ತಿನ ಯಂತ್ರಗಳೊಡನೆ ಅದು ಮಾತಾಡಬೇಕಾದ ರೀತಿಯನ್ನು ಗೊತ್ತುಮಾಡಿದ್ದು ಜಿನೀವಾದ ಶಿಫಾರಸುಗಳು.

ಆಕಾಶದ ಇನ್ನೊಂದು ಹಂಚಿಕೆ ಸಂತೆಬಾಚಹಳ್ಳಿಯ ನೆರೆಯ ಜಿಲ್ಲೆಯಲ್ಲೇ ಕಣ್ಣಿಗೆ ಕಾಣುತ್ತದೆ. ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇನ್ಸಾಟ್ ಉಪಗ್ರಹಗಳನ್ನು ಕಾಯುತ್ತಿದೆ. ಮೊದಲನೆಯ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೈಕೊಟ್ಟಿತು. 1983ರಲ್ಲಿ ಹೋದ 1ಬಿ ಪೂರ್ವ ರೇಖಾಂಶ 74 ಡಿಗ್ರಿಯಲ್ಲಿ ಭದ್ರವಾಗಿ ನಿಂತಿತು. ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದ ಆ ವೃತ್ತದಲ್ಲಿ ಒಂದೊಂದು ಡಿಗ್ರಿಗೂ ಅರ್ಜಿ ಹಾಕಬೇಕು, ನೆರೆಯ ಉಪಗ್ರಹಗಳವರೊಡನೆ ಮಾತಾಡಿ ಒಪ್ಪಿಸಬೇಕು, ಆಮೇಲೆ ಜಿನೀವಾದಲ್ಲಿ ದಾಖಲಾಗಬೇಕು. ಬಹುಕಾಲ ಇಲ್ಲಿ ನಡೆದದ್ದು ಮೊದಲು ಬಂದವರಿಗೆ ಮೊದಲ ಪಾಲು ಎಂಬ ನಿಯಮ. ಉಪಗ್ರಹ ಹಾರಿಸಲು ಶಕ್ತಿಯಿದ್ದವರೇ ಮೊದಲು ಬರುವವರು. ಅಭಿವೃದ್ಧಿಶೀಲ ದೇಶಗಳು ಇದನ್ನು ಅನ್ಯಾಯವೆಂದು ಹಟ ಹಿಡಿದವು, 1985 ಮತ್ತು 1988ರ ಸಮ್ಮೇಳನಗಳು ಪ್ರತಿ ದೇಶಕ್ಕೂ ಒಂದು ಸ್ಥಾನ ಮೀಸಲಿಡುವ ಯೋಜನೆ ಮಾಡಿದವು. ಆ ವರ್ಷಗಳಲ್ಲಿ ಇಸ್ರೋದ ಚುಕ್ಕಾಣಿ ಹಿಡಿದಿದ್ದವರು ಉಡುಪಿ ಸೀಮೆಯ ಅದಮಾರಿನ ಯು.ಆರ್. ರಾವ್.

ನಿಯಮಗಳಿಗೆ ಒಗ್ಗಿಕೊಳ್ಳುವ ಕಾಲ ಮುಗಿದು, ನಮ್ಮ ಹಳ್ಳಿಯ ಅಳತೆಯನ್ನೇ ನಿಯಮವಾಗಿಸಿದ ಘಟನೆ ಈಚಿನದು. ಐದನೆಯ ಪೀಳಿಗೆಯ ಮೊಬೈಲಿಗೆ ಪರೀಕ್ಷೆಯ ಮಾನದಂಡ ಬರೆಯುವಾಗ ಗ್ರಾಮೀಣ ಪ್ರದೇಶದಲ್ಲಿ ಟವರುಗಳ ನಡುವಿನ ಅಂತರ 1,732 ಮೀಟರ್ ಎಂದಿತ್ತು. ಯುರೋಪಿನ ಹಳ್ಳಿಗೆ ಅದು ನಡೆದೀತು. ನಮ್ಮಲ್ಲಿ ಅಷ್ಟು ಹತ್ತಿರ ಟವರು ನೆಟ್ಟು ಹಣ ಹುಟ್ಟಿಸಲು ಯಾವ ಕಂಪನಿಗೂ ಆಗದು. ಆಪ್ಟಿಕಲ್ ನಾರಿನ ಕೇಬಲ್ಲು ಬರುವುದು ಗ್ರಾಮ ಪಂಚಾಯ್ತಿ ಕೇಂದ್ರದವರೆಗೆ. ಅಲ್ಲೊಂದು ಟವರು ನಿಂತರೆ ಅದು ಸುತ್ತಲಿನ ಊರುಗಳನ್ನೆಲ್ಲ ಮುಟ್ಟಬೇಕು. ಮದ್ರಾಸ್ ಐಐಟಿಯ ಮತ್ತು ಭಾರತದ ಮಾನಕ ಸಂಸ್ಥೆ ಟಿ.ಎಸ್‌.ಡಿ.ಎಸ್‌.ಐ.ನ ತಜ್ಞರು ಈ ವಾದ ಮುಂದಿಟ್ಟರು, 2017ರಲ್ಲಿ ಆರು ಕಿಲೋಮೀಟರ್ ಅಂತರದ ಪರೀಕ್ಷೆ ಜಾಗತಿಕ ಮಾನದಂಡದೊಳಗೆ ಸೇರಿತು. ಅದಕ್ಕೆ ತಕ್ಕ ಭಾರತೀಯ ತಂತ್ರವನ್ನು 2020ರ ನವೆಂಬರ್‌ನಲ್ಲಿ ಒಕ್ಕೂಟ ಒಪ್ಪಿತು, ಬಳಿಕ ಅದು ಜಗತ್ತಿನ ಸಾಮಾನ್ಯ 5ಜಿ ಮಾನಕದೊಳಗೆ ಬೆರೆಯಿತು. ಸಂತೆಬಾಚಹಳ್ಳಿಯಂಥ ಹೋಬಳಿ ಊರಿನ ನಕ್ಷೆ ಬಿಡಿಸಿ ನೋಡಿದರೆ ಆ ಆರು ಕಿಲೋಮೀಟರಿನ ಬೆಲೆ ಗೊತ್ತಾಗುತ್ತದೆ.

2024ರ ಅಕ್ಟೋಬರ್‌ನಲ್ಲಿ ಒಕ್ಕೂಟದ ಜಾಗತಿಕ ಮಾನಕ ಸಭೆ ದೆಹಲಿಯಲ್ಲೇ ಸೇರಿತ್ತು. ಮುಂದಿನ ವಿಶ್ವ ರೇಡಿಯೋ ಸಮ್ಮೇಳನ 2027ರಲ್ಲಿದೆ. ಉಪಗ್ರಹದಿಂದ ನೇರ ಮೊಬೈಲಿಗೆ ಸಂಪರ್ಕ ಕೊಡುವ ಕಂಪನಾಂಕಗಳು ಅಲ್ಲಿ ಚರ್ಚೆಗೆ ಬರುತ್ತವೆ, ಟವರಿಲ್ಲದ ಮೂಲೆಯ ಊರುಗಳಿಗೆ ಅದು ನೇರ ಸಂಬಂಧಪಟ್ಟ ವಿಷಯ. ಮಂಡ್ಯ, ಮೈಸೂರು, ಹಾಸನದ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನ ಕೋರಿಕೆ ಒಂದೇ. ವಿದ್ಯಾರ್ಥಿಗಳನ್ನು ಈ ತಾಲ್ಲೂಕುಗಳ ಊರೂರಿಗೆ ಕಳಿಸಿ, ಎಲ್ಲಿ ಸಿಗ್ನಲ್ ಸಿಗುತ್ತದೆ, ಎಲ್ಲಿ ಕಡಿದುಹೋಗುತ್ತದೆ ಎಂದು ಅಳೆಸಿ, ಆ ಅಳತೆಯನ್ನು ನಿಸ್ತಂತು ಯೋಜನಾ ವಿಭಾಗಕ್ಕೆ ಈಗಲೇ ತಲುಪಿಸಿ.